ಜಿಗಣಿಗೆ ಒಂದು ಖಾಲಿ ಟ್ರಿಪ್ಪು

ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದವರು "ಝೀರೋ ನೋಡ್ಕೊಳ್ಳಿ ಮೇಡಂ" ಅನ್ನುತ್ತಾರೆ. ನಾನು ಝೀರೋವನ್ನು ಬಹಳ ಶ್ರದ್ಧೆಯಿಂದ ನೋಡುತ್ತೇನೆ. ಆಮೇಲೆ ಬರುವುದನ್ನು ನೋಡಲು ಮನಸ್ಸಾಗುವುದಿಲ್ಲ, ರಸ್ತೆಯ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ. ಈಚಿನ ವರ್ಷಗಳಲ್ಲಿ ನಾನು ಫುಲ್ ಟ್ಯಾಂಕ್ ಹಾಕಿಸಿದ್ದು ಒಂದೇ ಒಂದು ಸಲ. ಅದರಲ್ಲಿ ಅರ್ಧದಷ್ಟನ್ನು ಒಂದೇ ದಿನ, ಯಾವ ಕೆಲಸವೂ ಇಲ್ಲದೆ, ಜಿಗಣಿಗೆ ಹೋಗಿ ಬಂದು ಸುಟ್ಟುಹಾಕಿದೆ. ಮನೆಯಲ್ಲಿ ಹೇಳಿದ್ದರೆ ತಲೆ ಕೆಟ್ಟಿದೆಯಾ ಅನ್ನುತ್ತಿದ್ದರು, ಅದಕ್ಕೇ ಹೇಳಲಿಲ್ಲ.

ಪೀಣ್ಯದ ಒಂದು ಅಡ್ಡರಸ್ತೆಯ ಲೇತ್ ಶೆಡ್ಡಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿ ದುಡಿದಿದ್ದೇನೆ. ಈಗಲೂ ಅಲ್ಲೇ ಇದ್ದೇನೆ. ಬೆರಳುದ್ದದ ಉಕ್ಕಿನ ಪಿನ್ನು ಮಾಡುತ್ತೇವೆ. ಅವನ್ನು ಅಳೆಯುವುದು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕ್ರೇಟಿಗೆ ಜೋಡಿಸುವುದು, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುವುದು ನನ್ನ ಕೆಲಸ. ಲೇತಿನಿಂದ ಇಳಿದ ಪಿನ್ನು ಮೊದಲು ಪಕ್ಕದ ರಾಜಗೋಪಾಲನಗರಕ್ಕೆ ಹೋಗಿ ಅಡ್ಡಕ್ಕೆ ಒಂದು ತೂತು ಕೊರೆಸಿಕೊಂಡು ಬರಬೇಕು. ಆಮೇಲೆ ಬೆಂಗಳೂರಿನ ಆ ತುದಿಯ ಜಿಗಣಿಗೆ ಹೋಗಿ ಹಾರ್ಡನಿಂಗ್ ಮಾಡಿಸಿಕೊಳ್ಳಬೇಕು, ಅಂದರೆ ಕುಲುಮೆಯಲ್ಲಿ ಕಾದು, ಎಣ್ಣೆಯಲ್ಲಿ ಮುಳುಗಿ, ಗಟ್ಟಿಯಾಗಬೇಕು. ಅಂಥ ಕುಲುಮೆಗಳು ಪೀಣ್ಯದಲ್ಲೇ ಬೇಕಾದಷ್ಟಿವೆ. ಆದರೆ ನಮ್ಮ ಪಿನ್ನು ಕೊಳ್ಳುವ ಕಂಪನಿಯವರು ಒಪ್ಪಿದ್ದು ಜಿಗಣಿಯ ಕುಲುಮೆಯನ್ನು ಮಾತ್ರ.

ಈ ಎರಡು ಕೆಲಸ ಹಿಂದುಮುಂದಾಗಬಾರದು. ಮೊದಲು ತೂತು, ಆಮೇಲೆ ಬೆಂಕಿ. ಗಟ್ಟಿಯಾದ ಪಿನ್ನಿಗೆ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ಟು ಮುರಿಯುತ್ತದೆಯೇ ಹೊರತು ಪಿನ್ನಿನ ಮೇಲೆ ಒಂದು ಗೀರೂ ಬೀಳುವುದಿಲ್ಲ. ನಮ್ಮ ಶೆಡ್ಡಿಗೆ ಹೊಸದಾಗಿ ಬಂದವರಿಗೂ ಮೊದಲ ದಿನವೇ ಇದನ್ನು ಹೇಳಿಕೊಡುವುದು ನಾನೇ.

ಪಿನ್ನನ್ನು ಹೀಗೆ ಊರೂರು ಸುತ್ತಿಸುತ್ತಿದ್ದುದು ಮಾವನ ಗಾಡಿ. ಮಾವ ನನಗೆ ಸಂಬಂಧಿಯಲ್ಲ. ಮಾಕಳಿ ಕಡೆ ನಮ್ಮದೊಂದು ಹಳ್ಳಿ, ಪಕ್ಕದ್ದು ಅವನದು. ನಮ್ಮ ಕಡೆ ಹಿರಿಯರಿಗೆ ಮಾವ ಅನ್ನುವುದು ವಾಡಿಕೆ, ಅವನಿಗೆ ನಾನು ಅಮ್ಮಣ್ಣಿ. ಮೊದಲ ತಿಂಗಳು ನೀವು ಅಂದೆ, ಆಮೇಲೆ ಅದು ಯಾವಾಗ ನೀನು ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಅಪ್ಪನ ಕಾಲದ ರಾಗಿ ಹೊಲ ಕಾರ್ಖಾನೆಗೆ ಹೋದಾಗ ಬಂದ ದುಡ್ಡಿನಲ್ಲಿ ಅವನ ತಮ್ಮ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ. ಮಾವ ತನ್ನ ಪಾಲಿನಲ್ಲಿ ಒಂದು ಸಣ್ಣ ಲಗೇಜ್ ಗಾಡಿ ತಂದ. ಅತ್ತೆ, ಅಂದರೆ ಅವನ ಹೆಂಡತಿ, ಇದನ್ನು ಎತ್ತಿ ಆಡದ ದಿನವಿರಲಿಲ್ಲ. "ತಮ್ಮ ಆದವ್ನು ಜಗಲಿ ಮೇಲೆ ಕುಂತು ಬಾಡಿಗೆ ಈಸ್ಕಂತಾವ್ನೆ, ಈವಯ್ಯ ನೋಡು, ಸ್ಟೇರಿಂಗು ಇಡ್ಕಂಡು ಊರು ಸುತ್ತೋನು" ಅನ್ನುತ್ತಿದ್ದಳು. ಮಾವ ನಗುತ್ತಿದ್ದ. "ಮನೆ ನಿಂತಲ್ಲೇ ನಿಂತಿರ್ತದೆ ಕಣೆ. ಗಾಡಿ ಓಯ್ತದೆ."

ಹೌದು, ಗಾಡಿ ಹೋಗುತ್ತಿತ್ತು. ಆದರೆ ನಮ್ಮ ಶೆಡ್ಡಿನ ಕೆಲಸ ಬಿಟ್ಟರೆ ಆ ಗಾಡಿಗೆ ಬೇರೆ ಗಿರಾಕಿಯಿರಲಿಲ್ಲ, ಗಾಡಿ ಬಿಟ್ಟರೆ ಮಾವನಿಗೆ ಬೇರೆ ದುಡಿಮೆಯಿರಲಿಲ್ಲ.

ಆ ದಿನಗಳನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಜಿಗಣಿಗೆ ದಿನಾ ಟ್ರಿಪ್ಪು! ಒಂದು ಕ್ರೇಟಿದ್ದರೂ ಟ್ರಿಪ್ಪು. ಡೆಲಿವರಿ ಚಲನ್ ಮೇಜಿನ ಮೇಲೆ ಬಿಟ್ಟುಹೋದರೆ ಅದಕ್ಕೇ ಇನ್ನೊಂದು ಟ್ರಿಪ್ಪು. ನಮ್ಮ ಓನರ್ರು "ಹೋಗ್ಬನ್ನಿ ಯಜಮಾನ್ರೇ" ಅಂತ ಒಂದು ಮಾತು ಅನ್ನುವುದರೊಳಗೆ ಮಾವ ಗಾಡಿ ಸ್ಟಾರ್ಟ್ ಮಾಡಿರುತ್ತಿದ್ದ. ವಾರಕ್ಕೆ ಎರಡು ಸಲ ನಾನೂ ಜೊತೆಗೆ ಹೋಗುತ್ತಿದ್ದೆ, ಪಿನ್ನು ಸರಿಯಾಗಿ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಅಲ್ಲೇ ನೋಡಿ ತರುವುದಕ್ಕೆ. ಜಿಗಣಿಯಲ್ಲಿ ಅದಕ್ಕೆಂದೇ ಮಿಷನ್ ಇತ್ತು, ಆದರೂ ನಾನು ಉಕ್ಕು ಉಜ್ಜುವ ನನ್ನ ಅರವನ್ನು ಜೊತೆಗೆ ಒಯ್ಯುತ್ತಿದ್ದೆ. ಗಟ್ಟಿಯಾದ ಪಿನ್ನಿನ ಮೇಲೆ ಅರ ಉಜ್ಜಿದರೆ ಕಚ್ಚುವುದಿಲ್ಲ, ಸುಯ್ಯನೆ ಜಾರುತ್ತದೆ. ಆ ಜಾರುವುದನ್ನು ಕೈಯಲ್ಲಿ ಕೇಳಿಸಿಕೊಂಡರೇ ನನಗೆ ಸಮಾಧಾನ. "ಮಿಸಿನ್ ಮ್ಯಾಲೂ ನಂಬ್ಕೆ ಇಲ್ವಲ್ಲ ನಿಂಗೆ" ಅಂತ ಮಾವ ರೇಗಿಸುತ್ತಿದ್ದ.

ಹೋಗುವ ದಾರಿಯಲ್ಲಿ ಅತ್ತೆ ಕಟ್ಟಿಕೊಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಾವನಿಗೆ ನೆಟ್ಟಗೆ ಹೋಗಿ ನೆಟ್ಟಗೆ ಬರುವುದು ಗೊತ್ತೇ ಇರಲಿಲ್ಲ. "ಅಲ್ಲೊಂದು ಕೆರೆ ಐತೆ, ನೀರು ಬಂದೈತಂತೆ, ನೋಡ್ಕಂಡ್ ಓಗಾಣ" ಅನ್ನುತ್ತಿದ್ದ. ಜಿಗಣಿಯ ಹತ್ತಿರ ರಸ್ತೆ ಪಕ್ಕ ಸೀಬೆಹಣ್ಣು ಮಾರುವ ಒಬ್ಬ ಹೆಂಗಸಿದ್ದಳು. ಅವಳ ಉಪ್ಪುಕಾರ ಬೇರೆಯವರ ಉಪ್ಪುಕಾರದಂತಲ್ಲ ಎಂದು ಸಾಧಿಸಿ, ಎರಡು ಹಣ್ಣಿಗೋಸ್ಕರ ಮೈಲಿಗಟ್ಟಲೆ ಬಳಸಿಕೊಂಡು ಹೋಗುತ್ತಿದ್ದ. ನಾನು ಬೈಯುವುದು, ಅವನು ಹಣ್ಣು ತಿನ್ನುವುದು. ಮಳೆ ಬಂದ ಸಂಜೆ ನನ್ನ ಸ್ಕೂಟರನ್ನು ಶೆಡ್ಡಿನಲ್ಲೇ ಬಿಟ್ಟು ಅವನ ಗಾಡಿಯಲ್ಲಿ ಮನೆಯ ಬಾಗಿಲಿಗೇ ಹೋಗಿ ಇಳಿಯುತ್ತಿದ್ದೆ. ಡೀಸೆಲ್ ಅನ್ನುವುದು ಯಾರ ಬಾಯಲ್ಲೂ ಬರುವ ಮಾತೇ ಆಗಿರಲಿಲ್ಲ.

ಆಮೇಲೆ ಅದೊಂದೇ ಮಾತಾಯಿತು. ರೇಟು ಒಂದು ಸಲಕ್ಕೆ ಹಾರಿದ್ದರೆ ಎಲ್ಲರೂ ಕೂಗಾಡಿ ಸುಮ್ಮನಾಗುತ್ತಿದ್ದೆವೇನೋ. ಅದು ಪೈಸೆ ಪೈಸೆಯಾಗಿ ಏರಿತು. ನಮ್ಮ ಅಭ್ಯಾಸಗಳೂ ಹಾಗೇ ಒಂದೊಂದಾಗಿ ಬಿಟ್ಟುಹೋದವು, ಹೋದದ್ದು ಗೊತ್ತೇ ಆಗಲಿಲ್ಲ. ಮೊದಲು ಹೋದದ್ದು ಕೆರೆ. ಆಮೇಲೆ ಸೀಬೆಹಣ್ಣು. ಓನರ್ರು ಕಾರನ್ನು ಮನೆಯಲ್ಲಿ ಬಿಟ್ಟು ಮೆಟ್ರೋದಲ್ಲಿ ಬರತೊಡಗಿದರು, ಸ್ಟೇಷನ್ನಿನಿಂದ ಬೆವರು ಒರೆಸಿಕೊಳ್ಳುತ್ತ ನಡೆದು ಬಂದು "ಆರೋಗ್ಯಕ್ಕೆ ಒಳ್ಳೇದಮ್ಮ" ಅನ್ನುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನನ್ನ ಸ್ಕೂಟರ್ ಮನೆಯ ಮುಂದೆ ಧೂಳು ತಿನ್ನುತ್ತ ನಿಂತಿತು. ಲೇತಿನ ಹುಡುಗರು ಮೂರು ಬೈಕಿನಲ್ಲಿ ಬರುತ್ತಿದ್ದವರು ಒಂದೇ ಬೈಕಿನಲ್ಲಿ ಮೂವರು ಬಂದು, ಪೊಲೀಸರಿಗೆ ಹೆದರಿ ಅಡ್ಡರಸ್ತೆಯಲ್ಲೇ ಸುತ್ತಿಕೊಂಡು, ಉಳಿಸಿದ ಪೆಟ್ರೋಲನ್ನು ಅಲ್ಲೇ ಖರ್ಚು ಮಾಡುತ್ತಿದ್ದರು.

ಮಾವನ ಕಥೆಯಂತೂ ಕೇಳಲೇಬೇಡಿ. ಗಾಡಿಯ ಭಾರ ಇಳಿಸಬೇಕೆಂದು ಸ್ಟೆಪ್ನಿ ಬಿಚ್ಚಿ ಮನೆಯಲ್ಲಿಟ್ಟ, ಜಾಕು ತೆಗೆದ, ಕೊನೆಗೆ ಕುಳಿತುಕೊಳ್ಳುವ ದಿಂಬನ್ನೂ ತೆಗೆದ. "ನಾನೂ ಇಳಿದುಬಿಡ್ಲಾ ಮಾವ?" ಅಂದೆ. ಸಿಗ್ನಲ್ಲಿನಲ್ಲಿ ಇಂಜಿನ್ ಆಫ್. ಅದು ಸರಿ, ಎಲ್ಲರೂ ಮಾಡುತ್ತಾರೆ. ಆದರೆ ಟೋಲ್ ರಸ್ತೆಯ ಇಳಿಜಾರುಗಳಲ್ಲೂ ಕೀಲಿ ತಿರುಗಿಸಿ ಆಫ್ ಮಾಡಿಬಿಡುತ್ತಿದ್ದ! ಗಾಡಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತಿತ್ತು, ಬ್ರೇಕು ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು, ನಾನು ಸೀಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕಿರುಚುತ್ತಿದ್ದೆ.

"ಆನ್ ಮಾಡು ಮಾವ! ಸಾಯ್ಸಿಬಿಡ್ತೀಯ ನನ್ನ!"

"ಸುಮ್ಕಿರು ಅಮ್ಮಣ್ಣಿ. ಇಳಿಜಾರಲ್ಲಿ ತಾನಾಗೇ ಓಯ್ತದೆ. ಸುಮ್ನೆ ಯಾಕೆ ಉರಿಸ್ಬೇಕು?"

ಒಂದು ದಿನ ಓನರ್ರು ನಮ್ಮಿಬ್ಬರನ್ನೂ ಕರೆದು, ಇನ್ನು ಹೀಗೆ ಒಂದೊಂದು ಕ್ರೇಟಿಗೆ ಜಿಗಣಿಗೆ ಗಾಡಿ ಕಳಿಸಲು ಆಗುವುದಿಲ್ಲ, ಮೊಬೈಲಿನಲ್ಲಿ ಬಾಡಿಗೆ ಗಾಡಿ ಹಿಡಿದರೆ ಇದಕ್ಕಿಂತ ಸೋವಿ ಬೀಳುತ್ತದೆ ಅಂದರು. ಅವರದೂ ತಪ್ಪಿರಲಿಲ್ಲ. ಮಾವ ಹೊರಗೆ ಹೋದ. ಅರ್ಧ ಗಂಟೆ ಬಿಟ್ಟು ನೋಡಿದರೆ ಟೀ ಅಂಗಡಿಯ ಮುಂದೆ ನಮ್ಮ ರಸ್ತೆಯ ಮೂರು ಶೆಡ್ಡಿನವರನ್ನು ನಿಲ್ಲಿಸಿಕೊಂಡು ಭಾಷಣ ಮಾಡುತ್ತಿದ್ದ. ಅವರ ಮಾಲೂ ಜಿಗಣಿ ಕಡೆಗೇ ಹೋಗುತ್ತಿತ್ತು. "ಎಲ್ಲಾರ್ದೂ ಒಂದೇ ಗಾಡೀಲಿ ಆಕಿ, ಡೀಸೆಲ್ಲು ಅಂಚ್ಕಳಿ. ವಾರಕ್ಕೆ ಎಲ್ಡು ಟ್ರಿಪ್ಪು. ನಿಮ್ಗೂ ಉಳೀತು, ನನ್ ಗಾಡೀನೂ ಉಳೀತು." ಎಲ್ಲರೂ ಒಪ್ಪಿದರು. ಅವತ್ತು ಮಾವನೇ ಎಲ್ಲರಿಗೂ ಟೀ ಕೊಡಿಸಿದ.

ಟ್ರಾಫಿಕ್ಕಿನಲ್ಲಿ ನಿಂತರೆ ಡೀಸೆಲ್ ಹಾಳು, ಅದಕ್ಕೆ ಬೆಳಗಿನ ಐದೂವರೆಗೇ ಹೊರಡುವುದೆಂದಾಯಿತು. ಹಿಂದಿನ ಸಂಜೆಯೇ ಲೋಡ್ ಮಾಡಿ ಗಾಡಿಯನ್ನು ಶೆಡ್ಡಿನಲ್ಲೇ ಬಿಡುವುದು. ಮಾಕಳಿಗೆ ಹೋಗಿ ಬರುವ ಡೀಸೆಲ್ಲೂ ಉಳಿಯಲಿ ಅಂತ ಮಾವ ಮನೆಗೆ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬರತೊಡಗಿದ. ಗಾಡಿಯ ಯಜಮಾನನೇ ಬಸ್ಸಿನಲ್ಲಿ ಬರುತ್ತಾನಲ್ಲ ಅಂತ ನಾನು ನಕ್ಕೆ. ಅಷ್ಟು ಹೊತ್ತಿಗೆ ನನಗೆ ಬರಲಾಗದು, ಹಾಗಾಗಿ ನನ್ನ ಜಿಗಣಿ ಸವಾರಿಯೂ ನಿಂತಿತು. ಅರ ಮೇಜಿನ ಡ್ರಾಯರ್ ಸೇರಿತು.

ಇನ್ನೊಂದು ಬದಲಾವಣೆಯೂ ಆಯಿತು, ಆಗ ಅದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಮೊದಲು ರಾಜಗೋಪಾಲನಗರಕ್ಕೆ ಬೇರೆ ಟ್ರಿಪ್ಪು, ಜಿಗಣಿಗೆ ಬೇರೆ ಟ್ರಿಪ್ಪು. ಈಗ ಎರಡೂ ಒಂದರಲ್ಲೇ. ತೂತು ಕೊರೆಯಬೇಕಾದ ಕ್ರೇಟನ್ನು ಬೆಳಿಗ್ಗೆ ದಾರಿಯಲ್ಲಿ ರಾಜಗೋಪಾಲನಗರದ ಡ್ರಿಲ್ಲಿಂಗ್ ಅಂಗಡಿಯ ಮುಂದೆ ಇಳಿಸಿ, ಹಿಂದಿನ ಟ್ರಿಪ್ಪಿನಲ್ಲಿ ತೂತಾಗಿ ಶೆಡ್ಡಿಗೆ ಬಂದಿದ್ದ ಕ್ರೇಟನ್ನು ಜಿಗಣಿಗೆ ಒಯ್ಯುವುದು. ಅಂಗಡಿ ನಡೆಸುವ ಅಕ್ಕ ಆ ಹೊತ್ತಿಗೆ ಎದ್ದಿರುತ್ತಿರಲಿಲ್ಲ. ಮಾವ ಕ್ರೇಟನ್ನು ಅವಳ ಗೇಟಿನೊಳಗೆ ಇಟ್ಟು ಹೋಗುತ್ತಿದ್ದ.

ಎರಡು ಕ್ರೇಟೂ ಒಂದೇ ಅಳತೆ, ಒಂದೇ ನೀಲಿ ಬಣ್ಣ, ಮೇಲೆ ಒಂದೇ ಥರ ಎಣ್ಣೆ ಕಾಗದ. ಗುರುತು ಹೇಗೆ? ಎದುರು ಶೆಡ್ಡಿನವರು ತಗಡಿನ ಬಿಲ್ಲೆಗೆ ಅಕ್ಷರ ಹೊಡೆದು ತಂತಿಯಲ್ಲಿ ಕಟ್ಟುತ್ತಿದ್ದರು. "ನಿಮಗೂ ನಾಲ್ಕು ಮಾಡ್ಕೊಡ್ಲಾ ಅಕ್ಕ?" ಅಂದರು. ನನ್ನ ಜಂಬ ಕೇಳಬೇಕೆ. ಇಪ್ಪತ್ತು ವರ್ಷದಿಂದ ಈ ಪಿನ್ನು ನೋಡುತ್ತಿರುವವಳಿಗೆ ಇವರು ಬಿಲ್ಲೆ ಕೊಡುವುದಾ! ಮನೆಯಲ್ಲಿ ಅವ್ವ ಉಟ್ಟು ಉಟ್ಟು ಹರಿದಿದ್ದ ಎರಡು ಹಳೇ ಸೀರೆಗಳಿದ್ದವು, ಒಂದು ಹಸಿರು, ಒಂದು ಕೆಂಪು. ಪಟ್ಟಿ ಪಟ್ಟಿಯಾಗಿ ಹರಿದು ತಂದೆ. ಕೆಂಪು ಕಟ್ಟಿದ್ದು ರಾಜಗೋಪಾಲನಗರಕ್ಕೆ. ಹಸಿರು ಕಟ್ಟಿದ್ದು ಜಿಗಣಿಗೆ. "ಸಿಗ್ನಲ್ ಇದ್ದಂಗೆ ಮಾವ. ಕೆಂಪು ಬಂದ್ರೆ ಇಲ್ಲೇ ನಿಲ್ಸು, ಹಸಿರು ಬಂದ್ರೆ ಹೋಗ್ತಾ ಇರು" ಅಂತ ಹೇಳಿಕೊಟ್ಟೆ. ಅವನಿಗೆ ಬಹಳ ಖುಷಿಯಾಯಿತು.

ಮೂರು ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಆ ಪಟ್ಟಿಗಳು ಎಣ್ಣೆ ಕುಡಿದು ಕುಡಿದು ಕೆಂಪೂ ಕಪ್ಪು, ಹಸಿರೂ ಕಪ್ಪು ಆಗಿದ್ದವು. ಹೊಸದು ಹರಿದು ತರಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಒಂದು ಸಂಜೆ ಪ್ಯಾಕಿಂಗ್ ತಡವಾಯಿತು. ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು. ಸ್ಕೂಟರ್ ಇದ್ದ ಕಾಲದಲ್ಲಿ ಹತ್ತು ನಿಮಿಷ ಆಚೀಚೆಯಾದರೆ ಏನೂ ಆಗುತ್ತಿರಲಿಲ್ಲ. ಈಗ ಆ ಬಸ್ಸು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಪಟ್ಟಿಗಳ ಡಬ್ಬಕ್ಕೆ ಕೈಹಾಕಿ ಎರಡನ್ನು ತೆಗೆದು, ಒಂದನ್ನು ಈ ಕ್ರೇಟಿಗೆ, ಒಂದನ್ನು ಆ ಕ್ರೇಟಿಗೆ ಕಟ್ಟಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದೆ. ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಮರುದಿನ ಹತ್ತೂವರೆಗೆ ಡ್ರಿಲ್ಲಿಂಗ್ ಅಂಗಡಿಯ ಅಕ್ಕನ ಫೋನು ಬಂತು. "ಇದೇನು ಮೇಡಂ, ತೂತಾಗಿರೋದನ್ನೇ ತಿರುಗಿ ಕಳ್ಸಿದ್ದೀರ?" ಜಿಗಣಿಗೆ ಫೋನು ಮಾಡಿದರೆ, ನಮ್ಮ ಕ್ರೇಟು ಆಗಲೇ ಕುಲುಮೆಗೆ ಇಳಿದಾಗಿತ್ತು.

ಮಧ್ಯಾಹ್ನ ಮಾವ ಆ ಕ್ರೇಟನ್ನು ತಂದು ಇಳಿಸಿದ. ಪಿನ್ನುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು, ಒಂದರಲ್ಲೂ ತೂತಿರಲಿಲ್ಲ. ಡ್ರಾಯರಿನಿಂದ ಅರ ತೆಗೆದು ಒಂದರ ಮೇಲೆ ಉಜ್ಜಿದೆ. ಸುಯ್ಯನೆ ಜಾರಿತು. ಇಡೀ ಕ್ರೇಟು ಗುಜರಿ. ಕಂಪನಿಯವರು ಆ ವಾರವೇ ಕೇಳಿದ್ದ ಮಾಲು ಅದು.

ಓನರ್ರು ಕೂಗಾಡುವವರಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಂದು ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿದರು. ಎಲ್ಲರೆದುರಿಗೆ, ಮೆಲ್ಲಗೆ, "ವಯಸ್ಸಾಯ್ತು ಯಜಮಾನ್ರೇ ನಿಮಗೆ. ಕತ್ತಲಲ್ಲಿ ಕಣ್ಣು ಕಾಣ್ಸಲ್ಲ, ಬಣ್ಣ ಗೊತ್ತಾಗಲ್ಲ. ನಾವೇ ಯೋಚನೆ ಮಾಡ್ಬೇಕಿತ್ತು" ಅಂದರು.

ಡ್ರೈವರಿಗೆ ಕಣ್ಣು ಕಾಣಿಸುವುದಿಲ್ಲ ಅಂದರೆ ಇನ್ನೇನು ಉಳಿಯಿತು? ಮಾವ ಹೆಗಲ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಂದು ಸಲ ನನ್ನ ಕಡೆ ನೋಡಿದ. "ಸರ್ಯಾಗ್ ನೋಡ್ಬೇಕಾಗಿತ್ತು ಸಾರ್" ಅಂದ, ಅಷ್ಟೇ.

ನಾನು ಅರವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಹಿಂದಿನ ಸಂಜೆ ಯಾವ ಕ್ರೇಟಿಗೆ ಯಾವ ಪಟ್ಟಿ ಕಟ್ಟಿದೆ ಅನ್ನುವುದು ನನಗೆ ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ ನೆನಪು ಮಾಡಿಕೊಳ್ಳಲು ನಾನು ಹೋಗಲೂ ಇಲ್ಲ. ರಾಜಗೋಪಾಲನಗರದಿಂದ ಇನ್ನೊಂದು ಕ್ರೇಟು ವಾಪಸ್ ಬಂದಾಗ ಅದರ ಪಟ್ಟಿ ಅದಕ್ಕೇ ಕಟ್ಟಿಕೊಂಡಿತ್ತು. ಒಂದು ಚೂರು ಸೋಪು ಹಾಕಿ ತಿಕ್ಕಿದ್ದರೆ ಬಣ್ಣ ಗೊತ್ತಾಗುತ್ತಿತ್ತು. ನಾನು ಅದನ್ನು ಬಿಚ್ಚಿ, ಕಣ್ಣೆತ್ತಿ ನೋಡದೆ, ಎಣ್ಣೆ ಬಟ್ಟೆಗಳ ಡಬ್ಬಕ್ಕೆ ಎಸೆದೆ. ಮಾವನೇ ತಪ್ಪಿರಬೇಕು, ವಯಸ್ಸಾಗಿದೆ, ಅಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ವಾರದಿಂದ ಜಿಗಣಿ ಟ್ರಿಪ್ಪಿಗೆ ಮಾವನ ಗಾಡಿಯ ಬದಲು ಬಾಡಿಗೆಯ ಬ್ಯಾಟರಿ ಗಾಡಿ ಬರತೊಡಗಿತು. ಉಳಿದ ಮೂರು ಶೆಡ್ಡಿನವರೂ ಅದಕ್ಕೇ ಹೋದರು. ಹೊಗೆಯಿಲ್ಲ, ಸದ್ದಿಲ್ಲ, ಡೀಸೆಲ್ಲಿನ ಮಾತೇ ಇಲ್ಲ. ಎರಡು ತಿಂಗಳಲ್ಲಿ ಮಾವ ಗಾಡಿ ಮಾರಿಬಿಟ್ಟನಂತೆ ಅಂತ ಯಾರೋ ಹೇಳಿದರು. ಬೆಳಿಗ್ಗೆ ಶೆಡ್ಡಿನ ಗೇಟಿನ ಹತ್ತಿರ ಬಂದಾಗಲೆಲ್ಲ ನನ್ನ ಕಿವಿ ಆ ಇಂಜಿನ್ನಿನ ಕಟಕಟಕ್ಕೆ ಕಾಯುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ, ಹೋಗು ಅಂದರೆ ಹೋಗುತ್ತದೆಯೇ.

ಅವನ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ಇವತ್ತು ನಾಳೆ ಅಂತ ದೂಡಿ ದೂಡಿ, ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಹೋದೆ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಮಾವ ಚಪ್ಪರ ಹಾಕಿ ಅವರೆ ಬಳ್ಳಿ ಹಬ್ಬಿಸಿದ್ದ. ನನ್ನನ್ನು ಕಂಡು ಮುಖ ಅರಳಿತು. "ಬಾ ಅಮ್ಮಣ್ಣಿ, ಎಷ್ಟು ದಿನ ಆಯ್ತು!" ಅಂದ. ಅತ್ತೆ ಕಾಫಿಗಿಡಲು ಒಳಗೆ ಹೋದಳು. ನಾನು ಚಪ್ಪರದ ಕೆಳಗೆ ಕಲ್ಲಿನ ಮೇಲೆ ಕುಳಿತು ಬಳ್ಳಿ ನೋಡಿದೆ. ಬಳ್ಳಿಯ ಬುಡವನ್ನು ಕಂಬಕ್ಕೆ ಒಂದು ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು. ಅವ್ವನ ಸೀರೆ. ಚೆನ್ನಾಗಿ ಒಗೆದ, ಎಲೆಗಿಂತ ಹಸಿರಾದ ಹಸಿರು.

"ಮಾವ, ಇದು ಯಾವ ಕ್ರೇಟಿಂದು?"

"ಅದಾ?" ಅಂದ. ಸುಳ್ಳು ಹೇಳಲು ನೋಡಿದ, ಬರಲಿಲ್ಲ. ನೆಲ ನೋಡಿಕೊಂಡು ಹೇಳಿದ. "ಅವತ್ತು ಸುಟ್ಟು ತಂದ್ನಲ್ಲ, ಅದ್ರುದ್ದೇ."

ಅಂದರೆ ತೂತಿಲ್ಲದ ಕ್ರೇಟಿಗೆ ನಾನೇ ಹಸಿರು ಕಟ್ಟಿದ್ದೆ. ಹಸಿರು ಕಂಡರೆ ಜಿಗಣಿಗೆ ಹೋಗು ಅಂತ ನಾನೇ ಹೇಳಿಕೊಟ್ಟಿದ್ದೆ. ಅವನು ಹೋಗಿದ್ದ.

"ಬೆಳಿಗ್ಗೆ ಕ್ಯಾಬಿನ್ ಲೈಟ್ ಆಕ್ಕಂಡು, ಎಬ್ಬೆಟ್ಟಲ್ಲಿ ಉಜ್ಜಿ ಉಜ್ಜಿ ನೋಡಿದ್ದೆ ಅಮ್ಮಣ್ಣಿ. ಅಸ್ರು ಕಂಡಂಗಾಯ್ತು. ಆಮೇಲೆ ಓನರ್ರು ಅಂಗಂದಾಗ ನಂಗೇ ಅನುಮಾನ ಬಂದ್ಬಿಡ್ತು, ಎಲ್ಲಿ ನನ್ ಕಣ್ಣೇ ಓಯ್ತೇನೋ ಅಂತ. ಭಯ ಆಯ್ತು ಕಣವ್ವ. ಮನೆಗ್ ತಂದು ನಿಮ್ಮತ್ತೆ ಕೈಲಿ ಸೋಪಾಕಿ ಒಗ್ಸಿದೆ." ಚಿಕ್ಕ ಮಗುವಿನಂತೆ ನಕ್ಕ. "ಅಸ್ರೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ನೀನು? ತಂದು ಅವರ ಮುಖದ ಮುಂದೆ ಹಿಡೀಬೇಕಿತ್ತು!" ನಾನು ಅಳುತ್ತಿದ್ದೆ, ಬೈಯುತ್ತಲೂ ಇದ್ದೆ.

"ಯೋಳಿದ್ರೆ ನಿಂಗೆ ಬೈತಿದ್ರು. ನಿಂಗಿನ್ನೂ ಎಂಟತ್ತು ವರ್ಸದ ಕೆಲ್ಸ ಐತೆ. ನಂದು ಬಿಡು, ಇವತ್ತಲ್ಲ ನಾಳೆ ಡೀಸೆಲ್ಲೇ ನುಂಗಾಕ್ತಿತ್ತು."

ಅತ್ತೆ ಕಾಫಿ ತಂದವಳು ನಮ್ಮಿಬ್ಬರನ್ನೂ ನೋಡಿ, ಲೋಟ ಇಟ್ಟು ಒಳಗೆ ಹೋದಳು.

ಸೋಮವಾರ ಶೆಡ್ಡಿಗೆ ಹೋದವಳೇ ಓನರ್ರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಪಟ್ಟಿ ಕಟ್ಟಿದ್ದು ನಾನು, ಬಸ್ಸಿಗೆ ಓಡಿದ್ದು ನಾನು, ಆಮೇಲೆ ಬಾಯಿ ಮುಚ್ಚಿಕೊಂಡು ನಿಂತವಳೂ ನಾನು. ಅವರು ಕನ್ನಡಕ ತೆಗೆದಿಟ್ಟರು. "ಛೆ" ಅಂದರು. ಆಮೇಲೆ, "ಆದ್ರೂ ನೋಡಮ್ಮ, ಈ ರೇಟಲ್ಲಿ ಡೀಸೆಲ್ ಗಾಡಿ ಇನ್ನೆಷ್ಟು ದಿನ ನಡೀತಿತ್ತು? ಅವರನ್ನ ಬಿಟ್ಟಿದ್ದು ಆ ಒಂದು ಕ್ರೇಟಿಗಲ್ಲ" ಅಂದರು.

"ಗಾಡಿ ವಿಷಯ ಬಿಡಿ ಸಾರ್. ಕಣ್ಣು ಕಾಣ್ಸಲ್ಲ ಅಂದ್ರಲ್ಲ ಎಲ್ಲರ ಮುಂದೆ, ಅದನ್ನ ವಾಪಸ್ ತಗೊಳಿ."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೆಲಸ ಹೋದರೂ ಹೋಗಲಿ ಅನ್ನಿಸಿಬಿಟ್ಟಿತ್ತು. ಅವರು ನನ್ನ ಮುಖ ನೋಡಿದರು, ಹುಡುಗರನ್ನು ಕರೆದು ನಿಲ್ಲಿಸಿಕೊಂಡರು, ಫೋನಿನ ಸ್ಪೀಕರ್ ಹಾಕಿ ಮಾವನಿಗೆ ಕರೆ ಮಾಡಿದರು. "ತಪ್ಪು ನಮ್ ಕಡೆಯಿಂದಾನೇ ಆಗಿತ್ತು ಯಜಮಾನ್ರೇ. ನಿಮ್ಮ ಕಣ್ಣು ಚೆನ್ನಾಗೇ ಇದೆ. ನಾನು ಹಾಗನ್ನಬಾರದಿತ್ತು." ಆ ಕಡೆಯಿಂದ ಮಾವನ ದನಿ ಬಂತು. "ಅವ್ಳು ಪಕ್ಕದಲ್ಲೇ ಅವ್ಳಾ ಸಾರ್? ಬಾಯಿ ಮುಚ್ಕಂಡಿರಾಕೆ ಆಗಲ್ವಾ ಅವ್ಳಿಗೆ?" ಹುಡುಗರೆಲ್ಲ ನಕ್ಕರು. ಅವತ್ತೇ ಎದುರು ಶೆಡ್ಡಿಗೆ ಹೋಗಿ ತಗಡಿನ ಬಿಲ್ಲೆ ಮಾಡಿಸಿಕೊಂಡು ಬಂದೆ.

ಅದಾದ ವಾರಕ್ಕೆ ನಾನು ರಜೆ ಹಾಕಿ, ಸ್ಕೂಟರಿನ ಧೂಳು ಒರೆಸಿ, ಬಂಕಿಗೆ ಹೋಗಿ "ಫುಲ್ ಮಾಡಿ" ಅಂದೆ. ಝೀರೋ ಆದಮೇಲೆ ಬರುವುದನ್ನೂ ಅವತ್ತು ಕಣ್ಣು ತುಂಬ ನೋಡಿದೆ. ನೆಟ್ಟಗೆ ಮಾವನ ಮನೆಗೆ ಹೋಗಿ ಇನ್ನೊಂದು ಹೆಲ್ಮೆಟ್ ಕೊಟ್ಟೆ.

"ಹತ್ತು ಮಾವ."

"ಎಲ್ಲಿಗೆ?"

"ಜಿಗಣಿಗೆ."

"ಅಲ್ಲೇನೈತೆ ಈಗ?"

"ಏನೂ ಇಲ್ಲ. ಸುಮ್ನೆ."

ಅವನು ನನ್ನನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅತ್ತೆ ಬೈದುಕೊಂಡೇ ರೊಟ್ಟಿ ಕಟ್ಟಿಕೊಟ್ಟಳು. ದಾರಿಯಲ್ಲಿ ಅವನು ಹೇಳಿದ ಕಡೆಯಲ್ಲೆಲ್ಲ ತಿರುಗಿದೆ. ಕೆರೆ ನೋಡಿದೆವು, ನೀರು ಅಷ್ಟೇನೂ ಇರಲಿಲ್ಲ. ಕುಲುಮೆಯ ಗೇಟಿನ ಮುಂದೆ ನಿಂತು ವಾಚ್‌ಮನ್ ಜೊತೆ ಮಾತಾಡಿದೆವು. ಸೀಬೆಹಣ್ಣಿನ ಹೆಂಗಸು ಅದೇ ಜಾಗದಲ್ಲಿದ್ದಳು, ಮಾವನ ಗುರುತು ಹಿಡಿದಳು, ಗಾಡಿ ಎಲ್ಲಿ ಅಂತ ಕೇಳಿದಳು. "ಇದೇ ಈಗ ನನ್ ಗಾಡಿ, ಡ್ರೈವರ್ ಇಟ್ಕಂಡಿವ್ನಿ" ಅಂತ ಸ್ಕೂಟರನ್ನೂ ನನ್ನನ್ನೂ ತೋರಿಸಿದ. ಉಪ್ಪುಕಾರ ನಿಜವಾಗಿಯೂ ಬೇರೆ ಥರವೇ ಇತ್ತು.

ವಾಪಸ್ ಬರುವಾಗ ಟೋಲ್ ರಸ್ತೆಯಲ್ಲಿ ಆ ಉದ್ದನೆಯ ಇಳಿಜಾರು ಬಂತು. ಹಿಂದಿನಿಂದ ಮಾವ ಹೆಗಲು ತಟ್ಟಿದ.

"ಆಫ್ ಮಾಡು ಅಮ್ಮಣ್ಣಿ. ತಾನಾಗೇ ಓಯ್ತದೆ. ಸುಮ್ನೆ ಉರೀತೈತೆ."

"ಇವತ್ತೊಂದಿನ ಉರೀಲಿ ಬಿಡು ಮಾವ" ಅಂದೆ.

ಅವನು ಹೆಗಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ನಾನು ಆಕ್ಸಿಲರೇಟರ್ ಇನ್ನೊಂದಿಷ್ಟು ತಿರುವಿದೆ.